ನದಿ ಕಡೆಯ ಮೆಟ್ಟಿಲು

ನಿನ್ನೆ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಹಿತ್ತಲಿನಿಂದ ಹಸಿ ಮರದ ವಾಸನೆ ಬಂತು. ಹೊಸದಾಗಿ ಬಂದವರು ಶೆಡ್ ಕಟ್ಟಿಸುತ್ತಿದ್ದಾರೆ. ಕೊಯ್ದ ಹಲಗೆ ಮಳೆಯಲ್ಲಿ ನೆನೆದರೆ ಒಂದು ವಾಸನೆ ಬರುತ್ತದಲ್ಲ, ಅದೇ. ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ಹಾಗೇ ನಿಂತುಬಿಟ್ಟೆ. ಆ ಹಿತ್ತಲು ಮೊದಲು ನೋರೀನ್ ಅವರದಾಗಿತ್ತು. ಗಾಬರಿ ಬೇಡ, ಅವರು ಸತ್ತಿಲ್ಲ. ಎಂಬತ್ತು ದಾಟಿದವರ ಕಥೆ ಹೇಳಲು ಕೂತರೆ ಕೊನೆಗೆ ಸಾಯಿಸಲೇಬೇಕು ಅಂತ ಕಾನೂನಿದೆಯೇ? ವಾಟರ್‌ಫರ್ಡ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿ ಚೆನ್ನಾಗಿದ್ದಾರೆ.

ಅವರ ಪರಿಚಯವಾದದ್ದು ನನ್ನ ದಡ್ಡತನದಿಂದ. ಕ್ಲಾಂಡಾಲ್ಕಿನ್ ಎಂಬ ಈ ಐರಿಷ್ ಊರಿನ ನಮ್ಮ ಬಡಾವಣೆಯ ಮನೆಗಳೆಲ್ಲ ಒಂದೇ ಇಡ್ಲಿ ತಟ್ಟೆಯಿಂದ ಎಬ್ಬಿಸಿದ ಹಾಗಿವೆ. ಬಂದ ಮೊದಲ ವಾರ ಅವರ ಬಾಗಿಲಿಗೆ ನಮ್ಮ ಬೀಗದಕೈ ತುರುಕಿ ಐದು ನಿಮಿಷ ತಿರುಚಿದೆ. ಮೈಸೂರಿನಲ್ಲಿ ಹದಿನಾರು ವರ್ಷ ಎಂಜಿನಿಯರೊಬ್ಬರ ಆಫೀಸಿನಲ್ಲಿ ಮನೆ ಪ್ಲಾನ್ ಬಿಡಿಸಿದವಳು ನಾನು. ಸ್ವಂತ ಮನೆಯೇ ಗುರುತು ಸಿಗಲಿಲ್ಲ!

"ಒಳಗೆ ಬಾ ಪೆಟ್, ಬಾಗಿಲು ಮುರೀಬೇಡ," ಅಂದರು ನೋರೀನ್.

ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತಿದ್ದೇನೆ, ‘ಪೆಟ್’, ‘ಗ್ರ್ಯಾಂಡ್’ ಎರಡನ್ನು ಬಿಟ್ಟು. ‘ಗ್ರ್ಯಾಂಡ್’ ಅಂದರೆ ಇಲ್ಲಿಯವರ ಬಾಯಲ್ಲಿ ‘ಎಲ್ಲ ಸರಿಯಾಗಿದೆ’ ಅಂತ ಅಷ್ಟೇ. ‘ಪೆಟ್’ ಅಂದರೆ ನಮ್ಮ ಅಜ್ಜಿಯಂದಿರು ‘ಪುಟ್ಟಾ’ ಅನ್ನುವುದಿಲ್ಲವೇ, ಹಾಗೆ. ಅದು ಗೊತ್ತಾಗುವವರೆಗೆ, ನನ್ನನ್ನೇನು ಸಾಕಿದ ನಾಯಿ ಅಂದುಕೊಂಡಿದ್ದಾರಾ ಎಂದು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಆಮೇಲೆ ಕೊರೋನಾ ಬಂತು. ನಾನು ಕೆಲಸಕ್ಕಿದ್ದ ಹೋಟೆಲು ಮುಚ್ಚಿತು. ನನ್ನ ಗಂಡ ರಘು ಸಣ್ಣ ರೂಮು ಸೇರಿ ಬೆಳಗಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಜೊತೆ ಸಂಸಾರ ಮಾಡತೊಡಗಿದ. ನಾನು ದಿನಕ್ಕೆರಡು ಸಲ ಒಲೆ ಉಜ್ಜುತ್ತಿದ್ದೆ. ಒಂದು ಬಿಸಿಲಿನ ದಿನ ಹಿತ್ತಲ ಗೋಡೆಯಾಚೆಯಿಂದ ನೋರೀನ್ ಕರೆದರು.

"ನೀನು ಕಟ್ಟಡದ ಪ್ಲಾನ್ ಬಿಡಿಸ್ತಿದ್ದೆ ಅಲ್ವಾ? ನಂಗೊಂದು ಸ್ಕೂಲ್ ಬಿಡಿಸಿಕೊಡ್ತೀಯಾ?"

ಪ್ರಾಯದಲ್ಲಿ ಅವರು ಮಲೇಷ್ಯಾದ ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿದ್ದರಂತೆ. ಆಗ ಅವರ ಕೈಯಲ್ಲಿ ಕಲಿತ ಫರೀದಾ ಈಗ ಅದೇ ಶಾಲೆಯ ಹೆಡ್‌ಮಿಸ್. ಶಾಲೆಯ ಮೇಲಂತಸ್ತಿನ ವರಾಂಡ ಕೊಳೆತುಹೋಗಿದೆ. ಅದನ್ನು ಕಿತ್ತು ಗೋಡೆ ಎಬ್ಬಿಸಿ, ಗಾಜು ಹಾಕಿ, ಏಸಿ ಕೂರಿಸಬೇಕೆಂದು ಕಮಿಟಿಯವರು ಹೊರಟಿದ್ದಾರೆ. ಇಂಥ ರೋಗದ ಕಾಲದಲ್ಲಿ ಮಕ್ಕಳನ್ನು ಗಾಜಿನೊಳಗೆ ಮುಚ್ಚಿಡುವುದೇ ಎಂದು ಫರೀದಾ ಜಗಳವಾಡಿದ್ದಾಳೆ. ಸರಿ, ಮೊದಲು ಹೇಗಿತ್ತು ತೋರಿಸಿ ಅಂದರಂತೆ ಅವರು. ತೋರಿಸಲು ಏನಿದೆ? ಹಳೆಯ ನಕ್ಷೆ ಗೆದ್ದಲು ತಿಂದಿತ್ತು. ಇದ್ದ ಒಂದೇ ಫೋಟೋದಲ್ಲಿ ಮೂರು ಸಾಲು ಹುಡುಗಿಯರು ನಿಂತು ಇಡೀ ಕಟ್ಟಡ ಮುಚ್ಚಿದ್ದರು. ಉಳಿದದ್ದು ನೋರೀನ್ ಅವರ ನೆನಪು. ಮೀಟಿಂಗಿಗೆ ಮೂರು ವಾರ ಇತ್ತು.

ಅವರೇ ಗೀಚಿ ಕೊಡಬಹುದಿತ್ತು, ಆದರೆ ಅವರ ನೋಟದ ನಡುಭಾಗ ಮಸುಕಾಗಿತ್ತು. ಮುಖ ನೋಡಿದರೆ ಕಿವಿ ಮಾತ್ರ ಕಾಣುತ್ತದೆ ಅನ್ನುತ್ತಿದ್ದರು. ಹಾಗಾಗಿ ಗೋಡೆಯ ಆಚೆಗೊಂದು ಕುರ್ಚಿ, ಈಚೆಗೊಂದು ಕುರ್ಚಿ. ಉಳಿದಿದ್ದ ವಾಲ್‌ಪೇಪರ್ ಸುರುಳಿಯ ಬೆನ್ನ ಮೇಲೆ ನನ್ನ ಪೆನ್ಸಿಲು. ಅವರು ಹೇಳುವುದು, ನಾನು ಎಳೆಯುವುದು.

"ಕೆಳಗಡೆ ಜಡ್ಜ್ ಸಾಹೇಬರು, ಮೇಲ್ಗಡೆ ಮಲಯ ಅಜ್ಜಿ. ಅಷ್ಟೇ ಕಣೇ ಆ ಬಿಲ್ಡಿಂಗು," ಅಂದರು ಮೊದಲ ದಿನ.

ನಿಜಕ್ಕೂ ಅಷ್ಟೇ. ಕೆಳಗೆ ಮೊಳ ದಪ್ಪದ ಇಟ್ಟಿಗೆ ಗೋಡೆ, ಗಾರೆ, ಸಾಲು ಕಮಾನು. ನಮ್ಮೂರಿನ ಬ್ರಿಟಿಷರ ಕಾಲದ ಕಚೇರಿಗಳ ಗತ್ತು. ಅದರ ತಲೆಯ ಮೇಲೆ ಮಲಯ ಜನರ ಮರದ ಮನೆ ಎತ್ತಿ ಕೂರಿಸಿದಂತೆ ಹಲಗೆಯ ನೆಲ, ನೆಲದವರೆಗೂ ಇಳಿಯುವ ಕಿಟಕಿ, ಕಿಟಕಿಯ ಮೇಲೆ ಹೂಬಳ್ಳಿ ಕೊರೆದ ಮರದ ಜಾಲರಿ. ಕಡಿದಾದ ಹೆಂಚಿನ ಮಾಡು, ಛತ್ರಿಯಂತೆ ಆಚೆ ಚಾಚಿದ ಸೂರು. ಮುಂದೆ ಅಗಲವಾದ ವರಾಂಡ. ಕೆಳಗಿಳಿಯುತ್ತ ಸೆರಗು ಹರಡಿದಂತೆ ಅಗಲವಾಗುವ ಮೆಟ್ಟಿಲು, ಅದರ ಬುಡದಲ್ಲಿ ಕಾಲು ತೊಳೆಯಲು ನೀರಿನ ದೊಡ್ಡ ಜಾಡಿ.

"ಬ್ರಿಟಿಷ್ ಎಂಜಿನಿಯರ್ ಕಮಾನು ಕಟ್ಟಿ ಬೆವೆತುಹೋದ. ಊರಿನ ಬಡಗಿ ‘ಸರಿ, ಸರಿ ಸಾರ್’ ಅಂದ್ಕೊಂಡೇ ಮೇಲೆ ಗಾಳಿಗೆ ದಾರಿ ಮಾಡಿಟ್ಟ," ಅನ್ನುವಾಗ ಅವರ ಮುಖದಲ್ಲಿ, ಬ್ರಿಟಿಷರು ಸೋತರೆ ಅರಳುವ ಐರಿಷ್ ಖುಷಿ.

ಅಳತೆ ಕೇಳಿದರೆ ಅಡಿ, ಮೀಟರ್ ಏನೂ ಇಲ್ಲ. ವರಾಂಡ ಎಷ್ಟು ಅಗಲ? "ಒಬ್ಬಳು ಹಗ್ಗ ಹಾರೋವಾಗ ಪಕ್ಕದಲ್ಲಿ ಇನ್ನೊಬ್ಬಳು ತಟ್ಟೆ ಹಿಡ್ಕೊಂಡು ಏಟು ಬೀಳದ ಹಾಗೆ ಹೋಗಬಹುದಿತ್ತು." ಹೇಗೆ ಅಳೆಯುವುದು? ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನಾನೇ ಹಾರಿದೆ. ಐವತ್ತರ ಹತ್ತಿರದ ಹೆಂಗಸು, ಮಂಡಿ ನೋವು ಬೇರೆ. ರಘು ಟೀ ಟ್ರೇ ಹಿಡಿದು ಪಕ್ಕದಲ್ಲಿ ನಡೆದ.

"ಬೇಗ ಹಾರೇ, ನಂದು ಮೀಟಿಂಗ್ ಮ್ಯೂಟಲ್ಲಿ ಇಟ್ಟು ಬಂದಿದೀನಿ."

"ನೀನ್ ಮೊದ್ಲು ಹೊಟ್ಟೆ ಒಳಗೆಳ್ಕೋ. ಅಳತೆ ತಪ್ಪುತ್ತೆ!"

ಎರಡು ವಾರದಲ್ಲಿ ನಕ್ಷೆ ಮುಗಿಯಿತು. ಎಷ್ಟೋ ವರ್ಷದ ಮೇಲೆ ಬೆರಳಿಗೆ ಪೆನ್ಸಿಲ್ ಮಸಿ ಮೆತ್ತಿತ್ತು, ತೊಳೆಯಲು ಮನಸ್ಸಾಗಲಿಲ್ಲ. ಫೋಟೋ ತೆಗೆದು ಫರೀದಾಗೆ ಕಳಿಸಿದೆ. ಮಾರನೆಯ ಬೆಳಗ್ಗೆ ಆಕೆಯ ವೀಡಿಯೊ ಕಾಲ್. ಗೋಡೆಯ ಮೇಲೆ ಫೋನ್ ನಿಲ್ಲಿಸಿದೆ. ಹೊಗಳಿಕೆಗೆ ಸಿದ್ಧಳಾಗಿ ತಲೆ ಬೇರೆ ಬಾಚಿಕೊಂಡಿದ್ದೆ.

"ಜಾಲರಿ ನೋಡಿ ಅಳು ಬಂತು ಟೀಚರ್," ಅಂದಳು ಫರೀದಾ. ಆಮೇಲೆ ಮೆಲ್ಲಗೆ, "ಆದ್ರೆ ಸ್ಕೂಲು ಯಾಕೆ ತಿರುಗಿ ನಿಂತಿದೆ? ಮೆಟ್ಟಿಲು ಇರೋದು ನದಿ ಕಡೆ, ಪಶ್ಚಿಮಕ್ಕೆ. ಇದರಲ್ಲಿ ಪೂರ್ವಕ್ಕಿದೆ."

ದಿಕ್ಕು ಯಾವುದೆಂದು ನೋರೀನ್ ಅವರನ್ನು ನಾನು ಕೇಳಿಯೇ ಇರಲಿಲ್ಲ! ಮೈಸೂರಿನಲ್ಲಿ ಗಿರಾಕಿ ಕುರ್ಚಿಯಲ್ಲಿ ಕೂರುವ ಮೊದಲೇ "ಬಾಗ್ಲು ಪೂರ್ವಕ್ಕೆ ಬರ್ಲಿ ಮೇಡಂ" ಅನ್ನುತ್ತಾನೆ. ಕೋಳಿಗೂಡಿಗೆ ವಾಸ್ತು ಕೇಳಿದವರೂ ಇದ್ದಾರೆ. ಹದಿನಾರು ವರ್ಷ ಅದನ್ನೇ ಬಿಡಿಸಿದ ಕೈ ಮಲೇಷ್ಯಾದ ಶಾಲೆಗೂ ಪೂರ್ವದ ಬಾಗಿಲಿಟ್ಟು ಪುಣ್ಯ ಕಟ್ಟಿಕೊಂಡಿತ್ತು.

"ದಿಕ್ಕು ತೋರ್ಸೋ ಬಾಣ ತಿರುಗಿಸಿದ್ರೆ ಆಯ್ತಲ್ಲ," ಅಂದ ರಘು. ಆಗುವುದಿಲ್ಲ. ಬೆಳಗಿನ ಬಿಸಿಲು ಬೀಳುವ ಕಡೆ ಹಲಗೆಯ ಕಿಟಕಿ ಅಂತ ನೋರೀನ್ ಹೇಳಿದಾಗ ಅದನ್ನು ಮೆಟ್ಟಿಲಿನ ಕಡೆ ಹಾಕಿದ್ದೆ. ಸಂಜೆ ಬಿಸಿಲು ತಡೆಯುವ ಉದ್ದ ಸೂರನ್ನು ಹಿತ್ತಲ ಕಡೆ ಚಾಚಿದ್ದೆ. ಇಡೀ ಶಾಲೆ ಹಿಂದುಮುಂದಾಗಿತ್ತು.

"ಇದನ್ನ ಕಮಿಟಿ ಮುಂದೆ ಇಟ್ರೆ, ಮುದುಕಿಗೆ ದಿಕ್ಕೇ ನೆನಪಿಲ್ಲ ಅಂತಾರೆ," ಅಂದಳು ಫರೀದಾ. "ಮೀಟಿಂಗು ಮೊದಲೇ ಮಾಡ್ತಿದ್ದಾರೆ, ಈ ಶುಕ್ರವಾರಕ್ಕೇ. ಇನ್ನು ಎರಡೇ ದಿನ."

ನನಗೋ ಕಣ್ಣಲ್ಲಿ ನೀರು. ನೋರೀನ್ ಅವರ ನೆನಪು ತಪ್ಪಿರಲಿಲ್ಲ, ತಪ್ಪಿದ್ದು ನಾನು. ಆದರೆ ನಗೆಪಾಟಲಾಗುವುದು ಅವರು.

"ತಪ್ಪು ನಂದೇ. ಕೇಳ್ಬೇಕಿತ್ತು," ಅಂದೆ.

"ಕೇಳ್ಬೇಕಿತ್ತು," ಅಂದರು ಅವರೂ, ಸಮಾಧಾನವೇನೂ ಮಾಡದೆ. "ರಬ್ಬರ್ ಇದೆ ತಾನೆ? ಮತ್ತೆ ಮೂಗು ಯಾಕೆ ಸುರಿಸ್ತಿದ್ದೀಯ? ಹೊಸ ಹಾಳೆ ಹಾಸು. ಈ ಸಲ ಬೆಳಗಿಂದ ಶುರು ಮಾಡೋಣ."

ಹಾಗೇ ಮಾಡಿದೆವು. ಗೋಡೆಯಿಂದ ಗೋಡೆಗಲ್ಲ, ಗಂಟೆಯಿಂದ ಗಂಟೆಗೆ. ಮೊದಲ ಪೀರಿಯಡ್‌ನಲ್ಲಿ ಬಿಸಿಲು ಎಲ್ಲಿತ್ತು? ಹಿಂದಿನ ಹಲಗೆ ಕಿಟಕಿಯ ಸಂದಿಯಲ್ಲಿ, ಬೋರ್ಡಿನ ಮೇಲೆ ಗೆರೆ ಗೆರೆಯಾಗಿ. ಊಟದ ಹೊತ್ತಿಗೆ? ಮಾಡಿನ ಮೇಲೆ, ಒಳಗೆ ಒಂದು ಚೂರೂ ಇಲ್ಲ. ಕೊನೆಯ ಪೀರಿಯಡ್? ನದಿಯ ಮೇಲೆ ಬಿದ್ದು ಅಲ್ಲಿಂದ ಸೂರಿನ ಅಡಿಗೆ ಚಿಮ್ಮಿ ಕುಣಿಯುತ್ತಿತ್ತು. ಲೆಕ್ಕ ಮಾಡಬೇಕಾದ ಹುಡುಗಿಯರೆಲ್ಲ ಸೂರು ನೋಡುತ್ತ ಕೂರುತ್ತಿದ್ದರು. ನಾನು ಕೇಳಿದೆ, ಕೇಳಿದೆ, ಬೇಸರ ಬರುವಷ್ಟು ಕೇಳಿದೆ. ಕೇಳಿದ ಹಾಗೆಲ್ಲ ಮೊದಲ ನಕ್ಷೆಯಲ್ಲಿ ಇಲ್ಲದ್ದೆಲ್ಲ ಹೊರಗೆ ಬಂತು. ಗುರುವಾರ ಸಂಜೆ ಕಳಿಸಿದೆ.

ಕಮಿಟಿ ಪೂರ್ತಿ ಒಪ್ಪಲಿಲ್ಲ. ಹಿಂದಿನ ಕಾರಿಡಾರಿಗೆ ಗಾಜು ಬಂತು. ನದಿ ಕಡೆಯ ವರಾಂಡ ಮಾತ್ರ ಮೊದಲಿನಂತೆ ಮರದಲ್ಲೇ, ತೆರೆದೇ ಇರಲಿ ಅಂದರು. ನನಗೂ ಒಂದು ಚಟ ಅಂಟಿತು: ಹೋಟೆಲಿಗೆ ವಾಪಸು ಹೋಗಲಿಲ್ಲ. ಈಗ ವಾರಕ್ಕೆ ಮೂರು ದಿನ ಒಂದು ಸಣ್ಣ ಆಫೀಸಿನಲ್ಲಿ ಪ್ಲಾನ್ ಬಿಡಿಸುತ್ತೇನೆ, ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿನ್ನುತ್ತೇನೆ.

ನಿನ್ನೆ ಆ ಮರದ ವಾಸನೆಯ ನೆಪದಲ್ಲಿ ವಾಟರ್‌ಫರ್ಡ್‌ಗೆ ಫೋನ್ ಮಾಡಿದೆ. ರಿಪೇರಿ ಮುಗಿದು ಶಾಲೆ ತೆರೆದಿದೆ, ಫರೀದಾ ಕಳಿಸಿದ ಫೋಟೋ ವಾರದಿಂದ ನಮ್ಮಿಬ್ಬರ ಬಳಿಯೂ ಇದೆ. ನೋರೀನ್ ಅವರಿಗೆ ಈಗ ಅದು ಬರೀ ಬೆಳಕಿನ ಕಲೆ.

"ತಂಗಿ ಮಗಳು ‘ಚೆನ್ನಾಗಿದೆ, ಚೆನ್ನಾಗಿದೆ’ ಅಂತಾಳೆ ಅಷ್ಟೇ. ನೀನು ಹೇಳು."

ಹೇಳಿದೆ. ಹೊಸ ಹಲಗೆ ಇನ್ನೂ ಹಳದಿಯಾಗಿದೆ. ಜಾಲರಿಯ ಬಳ್ಳಿ ಸರಿಯಾಗಿ ಬಂದಿದೆ. ವರಾಂಡದಲ್ಲೇ ಕ್ಲಾಸು, ಹುಡುಗಿಯರು ಮಾಸ್ಕ್ ಹಾಕಿಕೊಂಡು ದೂರ ದೂರ ಕೂತಿದ್ದಾರೆ.

"ಹಿಂದಿನ ಸಾಲಲ್ಲಿ ಯಾರಾದ್ರೂ ಮಾತಾಡ್ತಿದ್ದಾರಾ?"

ಫೋಟೋ ದೊಡ್ಡದು ಮಾಡಿ ನೋಡಿದೆ. "ಹೂಂ. ಇಬ್ಬರು. ಮಾಸ್ಕು ಗಲ್ಲಕ್ಕೆ ಇಳಿದಿದೆ."

"ಟೀಚರ್ ಬಯ್ತಿಲ್ವಾ?"

"ಇಲ್ಲ. ಟೀಚರ್ ನದಿ ನೋಡ್ತಿದ್ದಾರೆ."

ಆ ಕಡೆಯಿಂದ ಮೂಗಿನಲ್ಲೊಂದು ನಗು.

"ಗ್ರ್ಯಾಂಡ್," ಅಂದರು ನೋರೀನ್.