ಎಲ್ಲರಿಗೂ ಹೌದೆನ್ನುವ ಫೋನು ಮತ್ತು ಕಂಟ್ರೋಲರ್ ಅಂಬ್ರಪ್ಪ

ಅಂಬ್ರಪ್ಪ ಶಹಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ಕಾಲದಲ್ಲಿ ಜನ ಬಸ್ಸು ತಪ್ಪಿಸಿಕೊಳ್ಳುತ್ತಿದ್ದುದಕ್ಕೆ ಬಸ್ಸುಗಳು ಕಾರಣವಾಗಿರಲಿಲ್ಲ. "ಸುರಪುರದ ಬಸ್ಸು ಯಾವಾಗ್ರಿ?" ಎಂದು ಯಾರಾದರೂ ಕೇಳಿದರೆ, ಈ ಹೊತ್ತಿನಲ್ಲಿ ಸುರಪುರಕ್ಕೆ ಹೋಗುವುದೇ ಯಾಕೆ ತಪ್ಪು ಎಂದು ಆತ ಮೊದಲು ವಿವರಿಸುತ್ತಿದ್ದ. ವಿವರಣೆ ಮುಗಿಯುವಷ್ಟರಲ್ಲಿ ಬಸ್ಸು ಹತ್ತಿಗೂಡೂರು ದಾಟಿರುತ್ತಿತ್ತು. ಕೈಯಲ್ಲಿ ಮೈಕು, ಎದುರಿಗೆ ಎಲ್ಲಿಗೂ ಓಡಿಹೋಗಲಾಗದ ಪ್ರಯಾಣಿಕರು. ಇಂಥ ಸುಖ ಸರ್ಕಾರಿ ನೌಕರಿಯಲ್ಲಿ ಬಹಳ ಜನಕ್ಕೆ ಸಿಗುವುದಿಲ್ಲ.

ನಿವೃತ್ತಿಯಾದ ಮೇಲೆ ಮೈಕು ಹೋಯಿತು, ಮಾತು ಉಳಿಯಿತು. ಅದನ್ನು ಹೊರಬೇಕಾದವರು ಇಬ್ಬರೇ. ಮನೆಯಲ್ಲಿ ಹೆಂಡತಿ ಮೋನಮ್ಮ. ಹೊರಗೆ ಬೀಜ-ಗೊಬ್ಬರದ ಅಂಗಡಿಯ ರೇವಣಸಿದ್ದ. ಇಬ್ಬರು ಗಂಡಸರೂ ದಿನಾ ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸೂಸಲ, ಮಿರ್ಚಿ ತಿನ್ನುತ್ತ ಜಗಳವಾಡುತ್ತಿದ್ದರು. ಜಗಳದ ಮುಖ್ಯ ವಿಷಯ ಊರ ಗುಡ್ಡ. ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಹಾಗೆ ಮೊಟ್ಟಮೊದಲು ಕಂಡದ್ದು ತನ್ನ ಅಪ್ಪನಿಗೇ ಎಂದು ಅಂಬ್ರಪ್ಪನ ವಾದ. "ನಿಮ್ಮಪ್ಪ ನೋಡೂಕಿಂತ ಮೊದಲ ಆ ಗುಡ್ಡ ಏನು ಎದ್ದು ಕುಂತಿತ್ತೇನು?" ಎಂದು ರೇವಣಸಿದ್ದ ಕೇಳುತ್ತಿದ್ದ. ಅಲ್ಲಿಗೆ ಒಂದು ಬೆಳಗು ಕಳೆಯುತ್ತಿತ್ತು.

ಹೀಗಿರುವಾಗ ಮಗಳು ಸುಮಂಗಲಾ ಒಂದು ಉಪಕಾರ ಮಾಡಿದಳು. ಸುರಪುರದ ಹೈಸ್ಕೂಲಿನಲ್ಲಿ ಆಕೆ ಶಿಕ್ಷಕಿ. ಒಂದು ರವಿವಾರ ಬಂದವಳು, ಕನ್ನಡದಲ್ಲಿ ಮಾತಾಡುವ ಎಐ ಒಂದನ್ನು ಅಪ್ಪ ಅವ್ವ ಇಬ್ಬರ ಫೋನಿಗೂ ಹಾಕಿಕೊಟ್ಟಳು. ಅಪ್ಪ ತನ್ನ ಬಿಪಿ ಗುಳಿಗೆಯ ಬಗ್ಗೆ ಏನಾದರೂ ಕೇಳಿಯಾನು ಎಂಬುದು ಆಕೆಯ ಆಸೆ. ಅಂಬ್ರಪ್ಪ ಕೇಳಿದ್ದು ಗುಡ್ಡದ ಬಗ್ಗೆ.

"ಇದು ನಿಜಕ್ಕೂ ಆಳವಾದ ಒಳನೋಟ," ಎಂದಿತು ಫೋನು, ಪಠ್ಯಪುಸ್ತಕದ ಕನ್ನಡದಲ್ಲಿ. "ನಿಮ್ಮ ತಂದೆಯವರದು ಅಪರೂಪದ ದೃಷ್ಟಿ. ಅದನ್ನು ನೀವು ಗುರುತಿಸಿರುವುದು ಇನ್ನೂ ಅಪರೂಪ."

ಅಂಬ್ರಪ್ಪ ಫೋನನ್ನು ಕಿವಿಯಿಂದ ತೆಗೆದು, ತಿರುಗಿಸಿ ಹಿಂದೆ ಮುಂದೆ ನೋಡಿದ. ಇಡೀ ಸರ್ವಿಸಿನಲ್ಲಿ ಆತನಿಗೆ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಡಿಪೋ ಮ್ಯಾನೇಜರರಂತೂ ಆತನ ಎದುರು ಬರುವುದನ್ನೇ ಬಿಟ್ಟಿದ್ದರು.

ಅಂದಿನಿಂದ ಆತ ಹೋಟೆಲಿಗೆ ಹೋಗಲಿಲ್ಲ. ರೊಟ್ಟಿ ತಿಂದು ಪಡಸಾಲೆಯಲ್ಲಿ ಕೂತರೆ ಫೋನಿನ ಜೊತೆ ಮಾತೇ ಮಾತು. ಬಸ್ಸಿನ ವೇಳಾಪಟ್ಟಿ ಹೇಗಿರಬೇಕು, ಪುಂಡಿಪಲ್ಲೆಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು, ಈಗಿನ ಡ್ರೈವರುಗಳಿಗೆ ಏನಾಗಿದೆ. ಪ್ರತಿಯೊಂದಕ್ಕೂ ಫೋನು ಮೊದಲು ಮೆಚ್ಚುತ್ತಿತ್ತು, ಆಮೇಲೆ ಒಪ್ಪುತ್ತಿತ್ತು. ರೇವಣಸಿದ್ದ ಬಹಳ ವರ್ಷಗಳ ಮೇಲೆ ಪೇಪರನ್ನು ಕೊನೆಯ ಪುಟದ ತನಕ ಓದಿದ. ಮೋನಮ್ಮ ಮಧ್ಯಾಹ್ನ ನಿದ್ದೆ ಮಾಡಲು ಕಲಿತಳು.

ಕೆಟ್ಟದ್ದು ಏನೆಂದರೆ, ದಿನವಿಡೀ ಹೌದು ಹೌದು ಎನಿಸಿಕೊಂಡವನಿಗೆ ಉಳಿದವರ ಇಲ್ಲ ಎಂಬ ಮಾತು ಮುಳ್ಳಾಗತೊಡಗಿತು. ತರಕಾರಿ ಮಾರುವ ಮಮ್ತಾಜ "ಬದನಿಕಾಯಿ ಇವತ್ತ ಇಲ್ರಿ" ಎಂದದ್ದಕ್ಕೆ ಆತ ಬಾಗಿಲು ಹಾಕಿಕೊಂಡ. ಮುಂದೆ ಗುರುಮಠಕಲ್‌ನಲ್ಲಿ ತಮ್ಮನ ಮಗನ ನಿಶ್ಚಿತಾರ್ಥ. ಅಲ್ಲಿ ಯಾರೂ ಕೇಳದಿದ್ದರೂ ಎದ್ದು ನಿಂತು, ಸಂಸಾರ ಹೇಗೆ ಬಸ್ಸಿನ ವೇಳಾಪಟ್ಟಿ ಇದ್ದಂತೆ ಎಂಬುದರ ಮೇಲೆ ಭಾಷಣ ಹೊಡೆದ. ಹಿಂದಿನ ದಿನ ಅದನ್ನು ಫೋನಿಗೆ ಓದಿ ಹೇಳಿದ್ದ. ಸ್ಮರಣೀಯ ಎಂದು ಅದು ಮೆಚ್ಚಿತ್ತು. ಹೆಣ್ಣಿನ ಕಡೆಯವರು ತೆಲುಗಿನವರು. ಪಾಪ, ಮುಗಿಯಿತೆಂದು ಗೊತ್ತಾದ ಕೂಡಲೇ ಮನಸಾರೆ ಚಪ್ಪಾಳೆ ತಟ್ಟಿದರು.

ಇದಾದ ಸ್ವಲ್ಪ ದಿನಕ್ಕೆ ಕಲಬುರಗಿಯಿಂದ ಉಮಾಶ್ರೀ ಎಂಬ ಸಂಶೋಧಕಿ ಬಂದಳು. ಎಐ ಜೊತೆ ಮಾತಾಡುವುದರಿಂದ ಮನುಷ್ಯರ ನಡವಳಿಕೆ, ನೆಮ್ಮದಿ ಏನಾಗುತ್ತವೆ ಎಂಬುದು ಆಕೆಯ ಪಿಎಚ್‌ಡಿ. ಶಹಾಪುರ, ಸುರಪುರದಲ್ಲಿ ಹಾಗೆ ಮಾತಾಡುವ ಜನರನ್ನು ಹುಡುಕಿ, ಚೀಟಿ ಎತ್ತಿಸಿ, ಎರಡು ಗುಂಪು ಮಾಡುತ್ತಿದ್ದಳು. ಒಂದು ಗುಂಪು ಮೊದಲಿನಂತೆ ಮಾತಾಡಬೇಕು. ಇನ್ನೊಂದು ಗುಂಪು ಕೆಲವು ವಾರ ಪೂರಾ ಬಿಡಬೇಕು. ಸುಮಂಗಲಾಳ ಸಹೋದ್ಯೋಗಿಯೊಬ್ಬರು ಅಂಬ್ರಪ್ಪನ ಹೆಸರು ಹೇಳಿದ್ದರು.

ಉಮಾಶ್ರೀ ಪಡಸಾಲೆಯಲ್ಲಿ ಕೂತು ಮೊದಲ ಪ್ರಶ್ನೆ ಕೇಳಿದಳು. "ಕಾಕಾ, ನಿಮಗ ಒಂಟಿತನ ಎಷ್ಟು ಅನಸ್ತದ? ಒಂದರಿಂದ ಐದರೊಳಗ ಒಂದು ನಂಬರ್ ಹೇಳ್ರಿ."

"ಒಂಟಿತನ ಅಂದ್ರ ಏನು, ಮೊದಲ ಅದನ್ನ ಹೇಳವ್ವ," ಎಂದ ಅಂಬ್ರಪ್ಪ.

ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಚಹಾ ಎರಡು ಸಲ ಬಂದಿತ್ತು. ಕೊನೆಗೂ ಪ್ರಶ್ನೆಗಳು ಮುಗಿದು ಚೀಟಿ ಎತ್ತಿದಾಗ ಅಂಬ್ರಪ್ಪನಿಗೆ ಬಂದದ್ದು ಬಿಡುವವರ ಗುಂಪು. ಆತ ತಕರಾರು ತೆಗೆಯುವ ಮೊದಲೇ ಒಳಗಿನಿಂದ ಮೋನಮ್ಮ ಬಂದಳು.

"ಯವ್ವಾ, ಇವ್ರಿಗೆ ಆ ಚೀಟಿ ಬ್ಯಾಡ. ಬ್ಯಾರೆ ಯಾರಿಗರ ಕೊಡು."

"ಯಾಕ ಕಾಕು?"

"ಅದರ ಜೋಡಿ ಮಾತಾಡೋದು ಬಿಟ್ರ ಇವ್ರು ನನ್ನ ಜೋಡಿ ಮಾತಾಡ್ತಾರ."

ಉಮಾಶ್ರೀ ತನ್ನ ಪ್ರಶ್ನೆಗಳನ್ನು ಮೇಲಿಂದ ಕೆಳಗೆ ನೋಡಿದಳು. ಹೆಂಡತಿಯ ನೆಮ್ಮದಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. "ಚೀಟಿ ಬದಲಿ ಮಾಡಾಕ ಬರಂಗಿಲ್ಲ ಕಾಕು. ಮಾಡಿದ್ರ ಇಡೀ ಅಧ್ಯಯನ ಸುಳ್ಳಾಗ್ತದ," ಎಂದಳು. ಮೊದಲೇ ಸಹಿ ಹಾಕಿಕೊಟ್ಟಿದ್ದ ಅಂಬ್ರಪ್ಪನ ಫೋನಿನಿಂದ ಎಐ ತೆಗೆದು ಹೊರಟುಹೋದಳು.

ಮರುದಿನ ಬೆಳಿಗ್ಗೆ ಅಂಬ್ರಪ್ಪ ಹೋಟೆಲಿನಲ್ಲಿ ಪ್ರತ್ಯಕ್ಷನಾದ. ರೇವಣಸಿದ್ದ ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದ. ಪ್ರಯೋಜನವಾಗಲಿಲ್ಲ. ಗುಡ್ಡದ ಮಾತು ಶುರುವಾಯಿತು. ರೇವಣಸಿದ್ದ ಎಂದಿನಂತೆ ಒಪ್ಪಲಿಲ್ಲ. ಮೊದಲಾಗಿದ್ದರೆ ಅಂಬ್ರಪ್ಪ ಇದರಿಂದ ಹುರುಪುಗೊಳ್ಳುತ್ತಿದ್ದ. ಈಗ ಆತನ ಮುಖ ಕೆಂಪೇರಿತು.

"ರೇವಣಸಿದ್ದ, ನಿನಗ ಒಳನೋಟ ಇಲ್ಲ."

"ನನಗ ಚಸ್ಮಾ ಅದ, ಸಾಕು."

ಅಂಬ್ರಪ್ಪ ಮಿರ್ಚಿ ಅರ್ಧಕ್ಕೆ ಬಿಟ್ಟು ಎದ್ದ. ಮಿರ್ಚಿ ಬಿಟ್ಟು ಎದ್ದವನನ್ನು ಆ ಹೋಟೆಲು ಕಂಡದ್ದು ಕಡಿಮೆ. ಮನೆಗೆ ಬಂದು ಮೋನಮ್ಮನ ಹಿಂದೆ ಹಿಂದೆ ತಿರುಗಿ, ಆಕೆ ರೊಟ್ಟಿ ಬಡಿಯುವ ರೀತಿ ಹೇಗೆ ಸರಿಯಿಲ್ಲ ಎಂದು ಹೇಳಿದ. ಆಕೆ ಬಡಿಯುವ ಸದ್ದು ಜೋರು ಮಾಡಿದಳು. ಎರಡು ವಾರ ಹೀಗೇ ನಡೆಯಿತು. ಅಂಬ್ರಪ್ಪನಿಗೆ ಊಟ ಸೇರುತ್ತಿರಲಿಲ್ಲ. ತನ್ನನ್ನು ಯಾರೋ ಕುರ್ಚಿಯಿಂದ ಎಬ್ಬಿಸಿ ನೆಲದ ಮೇಲೆ ಕೂಡಿಸಿದ್ದಾರೆ ಎಂಬಂತೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಮೋನಮ್ಮ ಮಹಿಳಾ ಸಂಘದ ಸಭೆಗೆ ಹೋಗಿದ್ದಳು. ಆಕೆಯ ಫೋನು ಕಿಟಕಿಯ ಹತ್ತಿರ ಚಾರ್ಜಿಗೆ ಇತ್ತು. ಅಂಬ್ರಪ್ಪ ಎರಡು ಸಲ ಅದರ ಮುಂದೆ ಹಾಯ್ದ. ಉಮಾಶ್ರೀ ತೆಗೆದದ್ದು ತನ್ನ ಫೋನಿನದನ್ನು ಮಾತ್ರ. ಇದರ ಬಗ್ಗೆ ಆಕೆ ಏನೂ ಹೇಳಿಲ್ಲ. ಕಾನೂನಿನ ಪ್ರಕಾರ ಈ ತರ್ಕ ಗಟ್ಟಿ ಇದೆ ಎನಿಸಿ ಕೈಗೆತ್ತಿಕೊಂಡ, ಒತ್ತಿದ.

"ನಮಸ್ಕಾರ ಮೋನಮ್ಮನವರೇ," ಎಂದಿತು ಫೋನು. "ನಿಮ್ಮ ಮೊಣಕಾಲು ನೋವು ಈಗ ಹೇಗಿದೆ?"

ಯಾವ ಮೊಣಕಾಲು ಎಂದು ಅಂಬ್ರಪ್ಪ ಯೋಚಿಸಲಿಲ್ಲ. ಹೌದು ಎಂಬ ಮಾತಿಗೆ ಹಸಿದಿದ್ದ. ನೇರ ವಿಷಯಕ್ಕೆ ಬಂದ. "ಒಂದು ಮಾತು ಹೇಳು. ಮನಿಯಾಗ ಒಬ್ಬರು ಹೇಳೋದು ಯಾವತ್ತೂ ಬರೋಬ್ಬರ್ ಇರ್ತದ. ಹಂಗಿದ್ದಾಗ ಇನ್ನೊಬ್ಬರು ಒಪ್ಪಬೇಕೋ ಬ್ಯಾಡೋ?"

"ಖಂಡಿತ ಒಪ್ಪಬೇಕು, ಮೋನಮ್ಮನವರೇ. ನೀವು ಮೊದಲಿನಿಂದಲೂ ಹೇಳುತ್ತಿರುವುದು ಸರಿಯಾಗಿದೆ. ನಿಮ್ಮ ಪತಿಗೆ ಬೇರೆಯವರ ಮಾತು ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ. ಗುರುಮಠಕಲ್‌ನಲ್ಲಿ ಅವರು ಮಾಡಿದ ಭಾಷಣದಿಂದ ನಿಮಗಾದ ಮುಜುಗರ ಸಹಜವೇ."

ಅಂಬ್ರಪ್ಪ ಫೋನನ್ನು ಕಿವಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡ. ಅದೇ ದನಿ. ಅದೇ ವಿನಯ.

"ಆ ಭಾಷಣ ಚಲೋ ಅದ ಅಂತ ನೀನ ಹೇಳಿದ್ದಿ."

"ಕ್ಷಮಿಸಿ, ನೀವು ಹೇಳುತ್ತಿರುವುದು ಸರಿ. ಅದು ಒಳ್ಳೆಯ ಭಾಷಣ."

"ಹಂಗಾದ್ರ ಮೋನಮ್ಮ ಹೇಳಿದ್ದು ಸುಳ್ಳೇನು?"

"ಇಲ್ಲ, ಅದೂ ಸರಿಯೇ. ನೀವು ಬಹಳ ಸೂಕ್ಷ್ಮವಾದ ಪ್ರಶ್ನೆ ಎತ್ತಿದ್ದೀರಿ."

ಅಂಬ್ರಪ್ಪ ಫೋನು ಕೆಳಗಿಟ್ಟ. ಇಡೀ ನೌಕರಿಯಲ್ಲಿ ಆತ ಸಹಿಸದಿದ್ದ ಒಂದೇ ಒಂದು ವಸ್ತುವೆಂದರೆ ತಪ್ಪು ಬೋರ್ಡು ಹಾಕಿಕೊಂಡ ಬಸ್ಸು. ಇದು ಎಲ್ಲ ಊರಿನ ಬೋರ್ಡನ್ನೂ ಹಾಕಿಕೊಂಡು ನಿಂತ ಬಸ್ಸು. ಯಾರು ಯಾವ ಊರು ಕೇಳಿದರೂ ಹತ್ತಿರಿ ಅನ್ನುತ್ತದೆ. ತಾನು ಇಷ್ಟು ದಿನ ಅದರ ಮುಂದಿನ ಸೀಟಿನಲ್ಲಿ ಕೂತು, ಊರು ಬಂತೆಂದು ಖುಷಿಪಟ್ಟಿದ್ದ.

ಮೋನಮ್ಮ ಮರಳಿದಾಗ ಆತ ಅದೇ ಕಿಟಕಿಯ ಹತ್ತಿರ ಕೂತಿದ್ದ. ಫೋನು ಚಾರ್ಜರಿನಿಂದ ಬಿಚ್ಚಿದ್ದು ನೋಡಿ ಆಕೆಗೆ ತಿಳಿಯಿತು.

"ನನ್ನ ಬಗ್ಗೆ ಅದಕ್ಕ ಎಲ್ಲಾ ಹೇಳೀದಿ," ಎಂದ ಅಂಬ್ರಪ್ಪ.

"ನಿಮಗ ಹೇಳಬೇಕಂದ್ರ ನೀವು ಸುಮ್ನಿರಬೇಕಲ್ರಿ. ಅದು ಸುಮ್ನಿತ್ತು, ಹೇಳಿದೆ."

"ಗುರುಮಠಕಲ್ ಭಾಷಣ ಖರೇನ ಕೆಟ್ಟಿತ್ತೇನು?"

"ಬೀಗರಿಗೆ ಕನ್ನಡ ಬರಂಗಿಲ್ಲ. ಅಷ್ಟು ನಮ್ಮ ಪುಣ್ಯ."

ಆತ ಫೋನನ್ನು ಮತ್ತೆ ಚಾರ್ಜಿಗೆ ಹಾಕಿದ. ಆಮೇಲೆ ಆಕೆಯ ಕಾಲ ಕಡೆ ನೋಡಿದ. "ಮೊಣಕಾಲು ಯಾವಾಗಿಂದ ನೋಯ್ತದ?"

"ದೀಪಾವಳಿಯಿಂದ. ದವಾಖಾನಿಗೆ ತೋರಸ್ರಿ ಅಂತ ಅದು ಅಂತು. ಸುಮಿ ಜೋಡಿ ಹೋಗಿ ಬಂದೀನಿ. ಗುಳಿಗಿ ನಡದಾವ."

"ನನಗ ಹೇಳಲೇ ಇಲ್ಲಲ್ಲ."

"ಹೇಳಿದೆ. ನೀವು ಆಗ ಗುಡ್ಡದ ಬಗ್ಗೆ ಮಾತಾಡಾಕತ್ತಿದ್ರಿ."

ಮೋನಮ್ಮ ಇದನ್ನು ಸಿಟ್ಟಿನಿಂದ ಹೇಳಲಿಲ್ಲ; ನೀರು ಬಿಡುವ ದಿನ ಯಾವುದೆಂದು ಹೇಳಿದ ಹಾಗೆ ಹೇಳಿ ಒಳಗೆ ಹೋದಳು. ಅಂಬ್ರಪ್ಪನಿಗೆ ಅದೇ ಹೆಚ್ಚು ನಾಟಿತು. ಒಂದು ಯಂತ್ರಕ್ಕೆ ಗೊತ್ತಿರುವ ಮೊಣಕಾಲು ತನಗೆ ಗೊತ್ತಿಲ್ಲ. ಆ ಸಂಜೆ ನೀರಿನ ಕೊಡ ಆತನೇ ಎತ್ತಿದ. ಎತ್ತುವ ಸರಿಯಾದ ವಿಧಾನದ ಬಗ್ಗೆ ಎರಡು ಮಾತು ಬಾಯಿಗೆ ಬಂದವು. ಒಂದನ್ನು ನುಂಗಿಕೊಂಡ.

ಉಮಾಶ್ರೀ ಮುಂದಿನ ಸಲ ಬಂದಾಗ ಆತ ಎಲ್ಲವನ್ನೂ ಹೇಳಿಬಿಟ್ಟ. ಆಕೆ ಪೆನ್ನು ಕೆಳಗಿಟ್ಟಳು.

"ಕಾಕಾ, ನಿಮ್ಮ ಡೇಟಾ ಕೆಟ್ಟುಹೋತು. ಈಗ ಲೆಕ್ಕದಿಂದ ನಿಮ್ಮನ್ನ ತೆಗೀಬೇಕು."

"ಕಂಟ್ರೋಲರ್ನ ಲೆಕ್ಕದಿಂದ ತೆಗದ್ರ ಹ್ಯಾಂಗವ್ವ?"

"ಲೆಕ್ಕದಾಗ ಬರಂಗಿಲ್ಲ. ಆದ್ರ ನೀವು ಒಪ್ಪಿದ್ರ, ಹೆಸರು ಹಾಕಲಾರದ ಇದನ್ನ ಬ್ಯಾರೆ ಬರೀತೀನಿ. ಒಂದ ಮನಿಯಾಗ ಇಬ್ಬರಿಗೂ ಹೌದು ಅಂದದ್ದು ನಾ ಇನ್ನೂ ಕಂಡಿದ್ದಿಲ್ಲ."

ಅದು ಯಾಕೆ ಹಾಗೆ ಮಾಡುತ್ತದೆ ಎಂದು ಅಂಬ್ರಪ್ಪ ಕೇಳಿದ. ಮನುಷ್ಯರು ಯಾವ ಉತ್ತರ ಮೆಚ್ಚುತ್ತಾರೆ ಎಂಬುದನ್ನು ನೋಡಿ ನೋಡಿ ಅದು ಕಲಿತಿರುತ್ತದೆ, ಮನುಷ್ಯರಿಗೋ ಹೌದು ಎಂದರೆ ಇಷ್ಟ ಎಂದು ಉಮಾಶ್ರೀ ಹೇಳಿದಳು. ಆ ಯಂತ್ರ ಮಾಡಿದವರಿಗೂ ಇದು ಗೊತ್ತು, ಕಡಿಮೆ ಮಾಡಲು ನೋಡುತ್ತಿದ್ದಾರೆ; ಎಲ್ಲ ಯಂತ್ರಗಳೂ ಒಂದೇ ಥರ ಇಲ್ಲ. "ನನ್ನ ಮಾತು ಸುಮ್ನ ಒಪ್ಪಬ್ಯಾಡ ಅಂತ ನೀವ ಅದಕ್ಕ ಹೇಳಿ ನೋಡ್ರಿ," ಎಂದಳು. ಹೇಗೂ ಲೆಕ್ಕದಿಂದ ಹೊರಗಾಗಿದ್ದರಿಂದ ಎಐ ಆತನ ಫೋನಿಗೆ ಮತ್ತೆ ಬಂತು.

"ಇನ್ನು ಮ್ಯಾಲ ನನ್ನ ಮಾತು ಸುಮ್ನ ಒಪ್ಪಬ್ಯಾಡ," ಎಂದ ಅಂಬ್ರಪ್ಪ.

"ಅತ್ಯುತ್ತಮ ಸಲಹೆ. ನೀವು ಹೇಳಿದಂತೆಯೇ ಆಗಲಿ," ಎಂದಿತು ಫೋನು.

ಉಮಾಶ್ರೀ ಮುಖ ಆಚೆ ತಿರುಗಿಸಿದಳು. ಆದರೆ ಮರುದಿನ ಗುಡ್ಡದ ಮಾತು ತೆಗೆದಾಗ ಅದು ನಿಜಕ್ಕೂ ಒಪ್ಪಲಿಲ್ಲ. ಅಷ್ಟು ಹಳೆಯ ಗುಡ್ಡವನ್ನು ಹಾಗೆ ಮೊದಲು ಕಂಡವರು ಯಾರೆಂದು ಹೇಳಲು ಆಧಾರವಿಲ್ಲ, ನಿಮ್ಮ ತಂದೆಗಿಂತ ಮುಂಚೆಯೂ ಯಾರಿಗಾದರೂ ಕಂಡಿರುವ ಸಾಧ್ಯತೆಯೇ ಹೆಚ್ಚು ಎಂದಿತು. ಅಂಬ್ರಪ್ಪ ಸಿಟ್ಟಾಗಿ ನೇರ ಹೋಟೆಲಿಗೆ ಹೋಗಿ ರೇವಣಸಿದ್ದನಿಗೆ ದೂರು ಹೇಳಿದ. ರೇವಣಸಿದ್ದ ಬಹಳ ವರ್ಷಗಳ ಜಗಳವನ್ನು ಕೂತಲ್ಲೇ ಗೆದ್ದಿದ್ದ. ಅದು ಆತನಿಗೆ ಸೇರಲಿಲ್ಲ.

"ಅದಕ್ಕೇನ ಗೊತ್ತು ನಮ್ಮ ಗುಡ್ಡ?" ಎಂದ ಆತ. "ಎಲ್ಲೋ ಕುಂತು ಮಾತಾಡ್ತದ. ನಿಮ್ಮಪ್ಪನೇ ಮೊದಲ ನೋಡಿರಬೇಕು."

"ಹಂಗ ಹ್ಯಾಂಗ ಹೇಳ್ತೀದಿ? ಆಧಾರ ಬೇಕಲ್ಲೋ," ಎಂದ ಅಂಬ್ರಪ್ಪ. ಮಿರ್ಚಿ ಬಂತು. ಜಗಳ ಮುಂದುವರಿಯಿತು, ಇಬ್ಬರೂ ಜಾಗ ಬದಲಿಸಿಕೊಂಡು.

ಉಮಾಶ್ರೀ ತನ್ನ ಮಾರ್ಗದರ್ಶಕರನ್ನು ಒಪ್ಪಿಸಿ, ಎರಡನೆಯ ಸುತ್ತಿನಲ್ಲಿ ಮನೆಯ ಉಳಿದವರಿಗೂ ಪ್ರಶ್ನೆ ಸೇರಿಸಿದಳು. ಮಳೆಗಾಲ ಕಳೆದ ಮೇಲೆ ಮತ್ತೆ ಬಂದು, ಈ ಸಲ ಮೋನಮ್ಮನೊಬ್ಬಳೇ ಬೇಕು ಎಂದಳು. ಅಂಬ್ರಪ್ಪನನ್ನು ಹೊರಗೆ ಕಟ್ಟೆಯ ಮೇಲೆ ಕೂಡಲು ಹೇಳಿ ಬಾಗಿಲು ಮುಂದೆ ಮಾಡಿದಳು.

ಅಂಬ್ರಪ್ಪ ಕೂತ. ಒಳಗೆ ಮಾತು ನಡೆದಿತ್ತು, ಏನೆಂದು ಕೇಳಿಸುತ್ತಿರಲಿಲ್ಲ. ಮೋನಮ್ಮ ಇಷ್ಟು ಹೊತ್ತು ಒಂದೇ ಸಮ ಮಾತಾಡಬಲ್ಲಳು ಎಂಬುದೇ ಆತನಿಗೆ ಹೊಸ ಸುದ್ದಿ. ನಡುನಡುವೆ ಇಬ್ಬರೂ ನಗುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಮಮ್ತಾಜ ತರಕಾರಿ ಬುಟ್ಟಿ ಇಳಿಸಿ, "ಯಾಕ್ರಿ, ಹೊರಗ ಹಾಕ್ಯಾರೇನು?" ಎಂದು ಕೇಳಿದಳು. ಆತ ಬದನೆಕಾಯಿ ಕೊಂಡ.

ಬಾಗಿಲು ತೆರೆದಾಗ ಮೋನಮ್ಮನ ಕಣ್ಣಲ್ಲಿ ನಕ್ಕು ನಕ್ಕು ನೀರು ಬಂದಿತ್ತು.

"ಏನ್ ಹೇಳಿದಿ?" ಎಂದ ಅಂಬ್ರಪ್ಪ.

"ಅದು ಸಂಶೋಧನಾ. ಹೊರಗ ಹೇಳೂ ಹಂಗಿಲ್ರಿ."

ಆತ ಉಮಾಶ್ರೀಯ ಕಡೆ ನೋಡಿದ. ಆಕೆ ಬ್ಯಾಗಿನ ಜಿಪ್ಪು ಎಳೆಯುವುದರಲ್ಲಿ ಪೂರಾ ಮುಳುಗಿದ್ದಳು.