ಸತ್ತ ರಾಜನಿಗೆ ವನ್ಸ್ ಮೋರ್

ಜೂನ್‌ನಲ್ಲಿ ಮಗಳಿಗೆ ಧಾರವಾಡದಿಂದ ಪುಣೆಗೆ ವರ್ಗವಾಯಿತು. ಅವಳ ಮತ್ತು ಮೊಮ್ಮಗಳ ಜೊತೆ ನಾನೂ ಗಂಟುಮೂಟೆ ಕಟ್ಟಿದೆ. ಎಂಟು ವರ್ಷದ ಮೊಮ್ಮಗಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಶಾಲೆಯ ಬಾಗಿಲು ದಾಟಿದರೆ ಬಾಯಿಗೆ ಬೀಗ. ದೀಪಾವಳಿ ಸಮೀಪಿಸಿದರೂ ಮರಾಠಿಯಲ್ಲಿ ಒಂದು ಶಬ್ದ ಆಡಿರಲಿಲ್ಲ. ಅವಳಿಗೆ ಎಲ್ಲ ತಿಳಿಯುತ್ತದೆ, ತಪ್ಪಿದರೆ ನಗುತ್ತಾರೆಂಬ ಅಂಜಿಕೆ ಅಷ್ಟೇ ಎಂದು ಶಿಕ್ಷಕಿ ಹೇಳಿದ್ದರು. ಡಬ್ಬಿ ಬಿಚ್ಚಿ ಉಣ್ಣುವಾಗಲೂ ಒಬ್ಬಳೇ ಕೂರುತ್ತಾಳಂತೆ.

ರಾಜಮಹಾರಾಜರ ಇತಿಹಾಸವನ್ನು ನಗಿಸುತ್ತ ಹೇಳುವ ಮರಾಠಿ ನಾಟಕವೊಂದು ಬಂದಿದೆಯೆಂದು ಗೊತ್ತಾಗಿ ನನಗೂ ಮೊಮ್ಮಗಳಿಗೂ ಟಿಕೀಟು ತೆಗೆಸಿದೆ. ನಗುವುದಕ್ಕಾದರೂ ಬಾಯಿ ತೆರೆದಾಳು ಎಂಬ ಆಸೆ. ಮಗಳು ಮಾತ್ರ ನನ್ನನ್ನೇ ಎಚ್ಚರಿಸಿದಳು: "ಅವ್ವಾ, ಅಲ್ಲಿ ನಿನ್ನ ಕಂಪನಿ ನಾಟಕದ ಚಟ ತೋರಸಬ್ಯಾಡ. ಇಲ್ಲಿ ಮಂದಿ ಭಾಳ ಶಿಸ್ತಿನವರದಾರ."

ಅವರ ಶಿಸ್ತು ನನಗೂ ಗೊತ್ತು. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿತೆಂದರೆ ಕೆಮ್ಮಲೂ ಹೆದರುತ್ತಾರೆ. ನಾನು ಬೆಳೆದದ್ದು ಬೇರೆ ಥರ. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಹಾಡೋ ಸನ್ನಿವೇಶವೋ ಮನಸ್ಸಿಗೆ ಹಿಡಿಸಿದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಿದ್ದರು. ನಟ ಅದನ್ನು ಮತ್ತೊಮ್ಮೆ ಆಡಿ ತೋರಿಸಲೇಬೇಕು. ಯಾರೂ ಕೂಗದಿದ್ದರೆ ನಟನಿಗೆ ಅವಮಾನ ಅಂತಲೇ ನಮ್ಮ ತಿಳಿವಳಿಕೆ.

ರಂಗದ ಮೇಲೆ ಒಬ್ಬನೇ ನಟ ಪೇಟ ಬದಲಿಸುತ್ತ ಬೇರೆ ಬೇರೆ ರಾಜನಾಗುತ್ತಿದ್ದ. ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ನಮ್ಮವಳು ತುಟಿ ಬಿಗಿದು ಕೂತಿದ್ದಳು. ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ಕೇಳಬೇಡಿ. ಆಗ ವಿಷಕ್ಕೆ ಹೆದರುವ ರಾಜನೊಬ್ಬ ಬಂದ. ನೀರನ್ನೂ ಮಂತ್ರಿಗೆ ಕುಡಿಸಿ ನೋಡಿ ಕುಡಿಯುತ್ತಿದ್ದವನು ಕಡೆಗೆ ಪುಣೆ ಹತ್ತಿರದ ಸಾಸವಡದ ಸೀತಾಫಲದ ಸಿಪ್ಪೆಯ ಮೇಲೆ ಕಾಲಿಟ್ಟು, ಜಾರಿ, ಧಪ್ಪೆಂದು ಬಿದ್ದು ಸತ್ತೇಹೋದ. ಅಂಗಾಲು ಎರಡೂ ಆಕಾಶಕ್ಕೆ. ನನಗೆ ಮಗಳ ಮಾತೂ ನೆನಪಾಗಲಿಲ್ಲ, ಪುಣೆಯೂ ನೆನಪಾಗಲಿಲ್ಲ. "ವನ್ಸ್ ಮೋರ್" ಎಂದು ಕೂಗಿಬಿಟ್ಟೆ.

ಮುಂದಿನ ಸಾಲಿನವರು ತಿರುಗಿ ನೋಡಿದರು. ಮೊಮ್ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು. ಇನ್ನು ಈ ಹುಡುಗಿ ಜನ್ಮದಲ್ಲಿ ಬಾಯಿ ಬಿಡುವುದಿಲ್ಲ, ಇದ್ದ ಧೈರ್ಯವನ್ನೂ ನಾನೇ ಕೆಡಿಸಿದೆ ಎಂದುಕೊಂಡೆ.

ಸತ್ತ ರಾಜ ಒಂದು ಕಣ್ಣು ತೆರೆದ. ಒಬ್ಬರ ಮಾತಿಗೆ ಹೆಣ ಏಳುವ ಪದ್ಧತಿ ತನ್ನ ರಾಜ್ಯದಲ್ಲಿಲ್ಲ, ಇನ್ನೊಬ್ಬರಾದರೂ ಕೇಳಬೇಕು ಎಂದು ಮರಾಠಿಯಲ್ಲಿ ಹೇಳಿ ಕಣ್ಣು ಮುಚ್ಚಿಕೊಂಡ. ಯಾರೂ ಕೇಳಲಿಲ್ಲ. ನಾನು ಕುರ್ಚಿಯಲ್ಲಿ ಮುದುಡಿದೆ.

ಪಕ್ಕದಲ್ಲಿ ನಮ್ಮ ಹುಡುಗಿ ಎದ್ದು ನಿಂತಿದ್ದಳು. ಅಜ್ಜಿಯನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲವೇನೋ.

"ವನ್ಸ್ ಮೋರ್," ಎಂದಳು. ಆಮೇಲೆ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಪಣ್ ಆತಾ ಸಾವಕಾಶ ಮರಾ." ಆದರೆ ಈಗ ನಿಧಾನವಾಗಿ ಸಾಯಿರಿ ಅಂತ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಇಷ್ಟು ದಿನ ಅಂಜಿದ್ದು ಇದೇ ನಗುವಿಗೆ. ಹೆದರುತ್ತಲೇ ಮುಖ ನೋಡಿದೆ, ಅವಳೂ ನಗುತ್ತಿದ್ದಳು. ರಾಜ ಎದ್ದು ಅವಳಿಗೆ ನಡು ಬಗ್ಗಿಸಿ ಮುಜರೆ ಮಾಡಿ, ಅಪ್ಪಣೆಯಂತೆ ಬಹಳ ಹೊತ್ತು ಸತ್ತ.

ಇಂಟರ್ವಲ್‌ನಲ್ಲಿ ನಮ್ಮಿಬ್ಬರಿಗೆಂದು ಬಟಾಟೆ ವಡೆ ತಂದೆ. ಬಂದು ನೋಡಿದರೆ ಮೊಮ್ಮಗಳು ಮುಂದಿನ ಸಾಲಿನಲ್ಲಿ, ತನ್ನ ವಯಸ್ಸಿನ ಹುಡುಗಿಯೊಬ್ಬಳ ಪಕ್ಕ ಕೂತು ತಪ್ಪುತಪ್ಪು ಮರಾಠಿಯಲ್ಲಿ ಬಡಬಡಿಸುತ್ತಿದ್ದಳು. ನನ್ನತ್ತ ಬೆರಳು ಮಾಡಿ, "ಹೀ ಮಾಝೀ ಆಜೀ," ಎಂದಳು, ಇವಳು ನನ್ನ ಅಜ್ಜಿ ಅಂತ. ನನಗೆ ಕಣ್ಣು ತುಂಬಿ ಬಂತು. ಎರಡೂ ವಡೆ ಅವರಿಗೇ ಕೊಟ್ಟು ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತೆ, ಭಾಳ ಖುಷಿಯಿಂದ.