ಹೇಳದೆ ಬರುತ್ತಿದ್ದವರು

ಕಳೆದ ಭಾನುವಾರ ಶಾಮ್‌ಬರ್ಗ್‌ನ ಪಾರ್ಕಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಸೋಪಿನ ಗುಳ್ಳೆ ಊದುವ ಪುಟ್ಟ ಬಾಟಲಿಯೊಂದು ನನ್ನ ಮಡಿಲಲ್ಲೇ ಚೆಲ್ಲಿತು. ಆ ಸಿಹಿ ವಾಸನೆಗೆ, ಎಷ್ಟೋ ವರ್ಷ ನೆನೆಯದಿದ್ದ ಒಬ್ಬರು ಕಣ್ಣೆದುರು ಬಂದರು… ಫ್ಯಾಮಿಲಿ ಸೆಂಟರಿನ ಆಂಟಿ.

ಆಗ ಎರಡು ಸಾವಿರದ ಮೊದಲ ವರ್ಷಗಳು. ನಮ್ಮ ಮಗಳಿಗೆ ಎರಡು ದಾಟಿದ್ದರೂ ಮಾತು ಬಂದಿರಲಿಲ್ಲ. ಅಂಥ ಮಕ್ಕಳ ಮನೆಗೇ ಬಂದು ಕಲಿಸುವ ಸರ್ಕಾರಿ ವ್ಯವಸ್ಥೆಯೊಂದಿತ್ತು, ಮೂರು ತುಂಬುವವರೆಗೆ ಮಾತ್ರ. ಅದರ ಸೆಂಟರ್ ನಮ್ಮ ಅಪಾರ್ಟ್‌ಮೆಂಟಿನಿಂದ ಒಂದು ಮೈಲಿ. ಅಲ್ಲಿ ಕೆಲಸಕ್ಕಿದ್ದ ಈ ಆಂಟಿ ಹುಬ್ಬಳ್ಳಿಯ ಮುಸ್ಲಿಂ ಮನೆತನದವರು. ಫೋನ್ ಮಾಡದೆ ಯಾರೂ ಯಾರ ಬಾಗಿಲನ್ನೂ ತಟ್ಟದ ಈ ಪರದೇಶದಲ್ಲಿ ಅವರು ಹೇಳದೆ ಕೇಳದೆ ಬಂದುಬಿಡುತ್ತಿದ್ದರು. ಸಿಂಕ್ ತುಂಬ ಪಾತ್ರೆ, ಸೋಫಾ ಮೇಲೆ ಒಗೆದ ಬಟ್ಟೆ. ನನಗೆ ಸಿಟ್ಟೇ ಬರುತ್ತಿತ್ತು.

"ಫೋನ್ ಮಾಡಿ ಬಂದ್ರ ನೀವು ನನಗ ಮನಿ ತೋರಸ್ತೀರಿ, ಕೂಸು ತೋರಸಂಗಿಲ್ಲ," ಎಂದು ಬಟ್ಟೆ ಸರಿಸಿ ಕೂರುತ್ತಿದ್ದರು. "ನಮ್ಮ ಮಂದೀನ ನಾ ಬಲ್ಲೆ. ಪೋಲಿಯೋ ಹನಿ ಹಾಕಾಕ ಬಂದ್ರೂ ಕೂಸಿನ್ನ ಪರೀಕ್ಷಾಕ್ಕ ಕುಂಡ್ರಸ್ತಾರ."

ಒಂದು ಗುಳ್ಳೆ ಊದಿ, ಬಾಟಲಿ ಮುಚ್ಚಿ, ಅವರು ಸುಮ್ಮನೆ ಕಾಯುತ್ತಿದ್ದರು. ಇನ್ನೊಂದು ಬೇಕೆಂದು ಮಗಳು ಅವರ ಮೊಣಕೈ ಎಳೆಯುತ್ತಿದ್ದಳು. ಹೀಗೇ ಒಂದು ದಿನ ಎಳೆಯುವ ಬದಲು "ಉಫ್" ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ.

ಆಮೇಲೆ ಆ ವ್ಯವಸ್ಥೆಗೆ ಸುಧಾರಣೆ ಬಂತು. ಸುತ್ತಲಿನ ಸೆಂಟರ್‌ಗಳನ್ನೆಲ್ಲ ಮುಚ್ಚಿ, ಹೈವೇಯಲ್ಲಿ ಐದು ಎಕ್ಸಿಟ್ ಆಚೆ ಒಂದೇ ದೊಡ್ಡ ಕಚೇರಿ ತೆರೆದರು. ಎಲ್ಲರಿಗೂ ಒಂದೇ ಫೋನ್ ನಂಬರ್. ಮನೆಗೆ ಹೋಗಬೇಕಾದರೆ ಮೊದಲೇ ಅಪಾಯಿಂಟ್‌ಮೆಂಟ್ ಕಡ್ಡಾಯ. ಕುಟುಂಬಗಳ ಗೌರವ ಕಾಪಾಡಲಿಕ್ಕಂತೆ. ಆಂಟಿಯನ್ನು ಫೋನಿನ ಮುಂದೆ ಕೂರಿಸಿದರು. ಎಲ್ಲ ಮಕ್ಕಳನ್ನೂ ಹೊಸದಾಗಿ ಪರೀಕ್ಷಿಸುತ್ತೇವೆಂದು ಕೆಲವು ವಾರ ಮುಂಚೆಯೇ ನಮಗೆ ತಿಳಿಸಿದರು.

ಕೆಲವು ವಾರ ಸಿಕ್ಕರೆ ನಮ್ಮಂಥವರು ಏನು ಮಾಡುತ್ತೇವೆ? ಬೆಂಗಳೂರಿನ ಎಲ್‌ಕೆಜಿ ಇಂಟರ್‌ವ್ಯೂಗೆ ತಯಾರು ಮಾಡುವ ಹಾಗೆ, ಗಂಡ ಅವಳನ್ನು ದಿನಾ ಸಂಜೆ ಎದುರಿಗೆ ಕೂರಿಸಿಕೊಂಡು ಬಾಲ್, ಶೂ, ಕಪ್ ಎಂದು ಉರು ಹೊಡೆಸಿದರು. ನಾನು ಬೇಡವೆಂದೆ ಎಂದು ನೆನಪು. ಆದರೆ ಈ ನೆನಪು ನನಗೆ ತೀರಾ ಅನುಕೂಲವಾಗಿದೆ, ಹಾಗಾಗಿ ನಂಬುವುದಿಲ್ಲ. ಪರೀಕ್ಷೆಯ ದಿನ ಕಚೇರಿಯವಳು ಚಿತ್ರ ತೋರಿಸಿದಳು, ಮಗಳು ಒಪ್ಪಿಸಿದಳು. ಸಹಾಯದ ಅಗತ್ಯವಿಲ್ಲವೆಂದು ಫೈಲ್ ಮುಚ್ಚಿದರು. ಗಂಡ ದಾರಿಯಲ್ಲಿ ಐಸ್‌ಕ್ರೀಂ ಕೊಡಿಸಿದರು. ಮನೆಗೆ ಬಂದು ನೀರು ಬೇಕಾದಾಗ ಅವಳು ಎಂದಿನಂತೆ ನನ್ನ ಕೈ ಹಿಡಿದು ಎಳೆದಳು. ಮಾತಿಲ್ಲ.

ಆಂಟಿಗೆ ಹೇಗೋ ತಿಳಿಯಿತು. ಒಂದು ಶನಿವಾರ ಮತ್ತೆ ಹೇಳದೆ ಬಂದರು.

"ಇವತ್ತ ಡ್ಯೂಟಿ ಮ್ಯಾಲೆ ಇಲ್ರೀ. ಚಾ ಕುಡ್ಯಾಕ ಬಂದೀನಿ."

"ನಮ್ಮ ಪುಟ್ಟಿ ಪಾಸ್ ಆದ್ಲು ಆಂಟಿ," ಎಂದರು ಗಂಡ.

ಆಂಟಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಪಾಸ್ ಆದ್ಲು, ಖರೆ. ಇನ್ನ ಅಕಿ ಸಲುವಾಗಿ ಯಾರೂ ಬರಂಗಿಲ್ಲ ನೋಡಪಾ."

ಅವರು ಹೇಳಿದಂತೆ ಮತ್ತೆ ಅಪ್ಲೈ ಮಾಡಿದೆ. ಆ ನಂಬರಿಗೆ ಫೋನ್ ಮಾಡಿದರೆ ಮೊದಲು ಸಂಗೀತ. ಆಮೇಲೆ, ನಿಮ್ಮ ವಲಯ ಬದಲಾಗಿದೆ. ಇನ್ನೊಮ್ಮೆ, ಹೊಸ ಮೇಲ್ವಿಚಾರಕಿ ಬಂದಿಲ್ಲ. ಒಂದು ದಿನ ಆಂಟಿಯೇ ಎತ್ತಿದರು. ಕರೆ ರೆಕಾರ್ಡ್ ಆಗುತ್ತಿತ್ತೇನೋ. ನನ್ನ ಕನ್ನಡಕ್ಕೆ ಉತ್ತರಿಸದೆ, ಬರೆದುಕೊಟ್ಟಿದ್ದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ಸರದಿ ಬರುವಷ್ಟರಲ್ಲಿ ಮಗಳಿಗೆ ಮೂರು ತುಂಬಿತು. ಇನ್ನು ಸ್ಕೂಲಿನವರನ್ನು ಕೇಳಿ, ಎಂದರು ಕಚೇರಿಯವರು.

ಅದೇ ವರ್ಷ ಆಂಟಿ ಕೆಲಸ ಬಿಟ್ಟು, ಬೇರೆ ರಾಜ್ಯದ ವಾರೆನ್‌ನಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು. ಅಲ್ಲೂ ಇಂಥದೇ ಕೆಲಸ ಹುಡುಕಿದರಂತೆ. ಅಲ್ಲೂ ಸುಧಾರಣೆ ನಡೆದಿತ್ತಂತೆ.

ಕಳೆದ ಭಾನುವಾರ ಪಾರ್ಕಿನಲ್ಲಿ ಹಳಬರೊಬ್ಬರನ್ನು ಆಂಟಿಯ ಬಗ್ಗೆ ವಿಚಾರಿಸಿದೆ. "ಅವ್ರಾ? ತೀರ್ಕೊಂಡು ಮೂರ್ನಾಲ್ಕು ವರ್ಷ ಆಯ್ತಲ್ಲ, ಗೊತ್ತಿರ್ಲಿಲ್ವಾ?" ಎಂದರು.

ಮಗಳಿಗೆ ನಾಲ್ಕು ದಾಟಿದ ಮೇಲೆ ಮಾತು ಬಂತು. ಈಗ ಕೆಲಸಕ್ಕೆ ಹೋಗುತ್ತಾಳೆ. ಆ ತಿಂಗಳುಗಳು ಕೈತಪ್ಪದಿದ್ದರೆ… ಗೊತ್ತಿಲ್ಲ. ಯಾರಿಗೇ ಫೋನ್ ಮಾಡಬೇಕಾದರೂ, ಹಲ್ಲಿನ ಡಾಕ್ಟರಿಗೇ ಆಗಲಿ, ಅವಳು ರೂಮಿನ ಬಾಗಿಲು ಹಾಕಿಕೊಂಡು ಹೇಳಬೇಕಾದ್ದನ್ನು ಪಿಸುದನಿಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾಳೆ. ನಿನ್ನೆಯೂ ಮಾಡುತ್ತಿದ್ದಳು. ನಾನು ಹೊರಗೆ ನಿಂತು ಕೇಳಿಸಿಕೊಂಡೆ. ಇದು ಅವಳ ಸ್ವಭಾವವೋ, ನಾವು ಕಲಿಸಿದ್ದೋ, ಆ ಕಚೇರಿ ಮಾಡಿದ್ದೋ ಎಂದು ಕೇಳಬಹುದಾಗಿದ್ದವರು ಆಂಟಿ ಒಬ್ಬರೇ ಇದ್ದರು. ನಾನು ಕೇಳಲೇ ಇಲ್ಲ.